ಪರದೆಯ ಮೇಲೆ ಕಡಲು

ನನ್ನ ತಮ್ಮನನ್ನು ಸಮುದ್ರದ ಕಡೆಗೆ ಕಳಿಸಿದವಳು ನಮ್ಮವ್ವನೇ. ಅವನು ಬದುಕಿ ಉಳಿಯಲಿ ಎಂದು ಕಳಿಸಿದ್ದಳು.

ಅದು ರಜಾಕಾರರ ಹಾವಳಿಯ ಕಾಲ. ಮೀಸೆ ಚಿಗುರಿದ ಗಂಡುಮಕ್ಕಳನ್ನು ಮನೆಯಲ್ಲಿ ಇಟ್ಟುಕೊಳ್ಳಲು ಮಸ್ಕಿಯ ತಾಯಂದಿರು ಹೆದರುತ್ತಿದ್ದರು. ಕೆಲವರು ನಿಜಾಮನ ಗಡಿ ದಾಟಿ ಗಜೇಂದ್ರಗಡದ ಕಡೆ ಹೋದರು, ಕೆಲವರು ಬೀಗರ ಊರು ಹಿಡಿದರು. ನಮ್ಮಪ್ಪ ತೀರಿಕೊಂಡಿದ್ದರು. ನನ್ನನ್ನು ಸಿಂಧನೂರಿಗೆ ಕೊಟ್ಟಿತ್ತು. ನನ್ನ ಗಂಡ ಅಲ್ಲಿಯ ಕಾಳಿನ ಅಡತಿ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಅಂಗಡಿಯ ಹಿಂದಿನ ಎಣ್ಣೆ ಗಿರಣಿಯ ಯಂತ್ರ ಕೆಟ್ಟಾಗ ಅದನ್ನು ಸರಿಮಾಡಲು ತೆಲುಗು ಸೀಮೆಯಿಂದ ಒಬ್ಬ ಫಿಟ್ಟರ್ ಬಂದಿದ್ದ. ಸಮುದ್ರದ ದಂಡೆಯಲ್ಲಿ ಅವನ ಊರು. ಅಲ್ಲಿಯ ಅಕ್ಕಿ ಗಿರಣಿಯಲ್ಲಿ ಒಬ್ಬ ಗಟ್ಟಿ ಹುಡುಗ ಬೇಕೆಂದು ನನ್ನ ಗಂಡನ ಮುಂದೆ ಹೇಳಿದ. ಆ ಮಾತು ಅವ್ವನ ಕಿವಿಗೆ ಬಿದ್ದದ್ದೇ ತಡ, ಅವಳು ರೊಟ್ಟಿ ಬುತ್ತಿ ಕಟ್ಟಿಕೊಂಡು ತಮ್ಮನನ್ನು ಕರೆದುಕೊಂಡು ಸಿಂಧನೂರಿಗೆ ಬಂದುಬಿಟ್ಟಳು.

"ನಾ ಹೋಗೂದಿಲ್ಲ ಬೇ, ನಿನ್ನ ಒಬ್ಬಾಕಿನ್ನ ಬಿಟ್ಟು," ಎಂದು ತಮ್ಮ ಹಟ ಹಿಡಿದ.

"ಮುದುಕಿನ್ನ ಯಾರು ಒಯ್ತಾರಲೇ? ನೀ ಜೀವಂತ ಇದ್ರ ಸಾಕು, ಎಲ್ಲಾರ ಇರು. ನಡಿ," ಎಂದಳು ಅವ್ವ.

ಪೊಲೀಸ್ ಆ್ಯಕ್ಷನ್ ಆಯಿತು, ಊರು ತಣ್ಣಗಾಯಿತು. ಮರುವರ್ಷ ಯುಗಾದಿಗೆ ಅವನು ಬಂದ. ಮೈ ಕಪ್ಪಾಗಿ, ತೋಳು ದಪ್ಪವಾಗಿ, ಮಾತಿನ ನಡುವೆ ತೆಲುಗು ತೂರಿಸುತ್ತ ನಗುತ್ತಿದ್ದ. ತಲೆಗೆ ಅಪ್ಪನ ಹಾಗೆಯೇ ರುಮಾಲು ಸುತ್ತಿದ್ದ. ಅಪ್ಪನ ಎಡಗಿವಿಯ ತುದಿಯನ್ನು ಎತ್ತೊಂದು ಕೋಡಿನಿಂದ ಹರಿದಿತ್ತು. ಅದು ಕಾಣಬಾರದೆಂದು ಅವರು ರುಮಾಲಿನ ಕೊನೆಯ ಸುತ್ತನ್ನು ಎಡಗಿವಿಯ ಮೇಲೆ ಇಳಿಸಿ ಸಿಕ್ಕಿಸುತ್ತಿದ್ದರು. ತಮ್ಮನ ಕಿವಿ ನೆಟ್ಟಗೇ ಇತ್ತು. ಆದರೆ ಅಪ್ಪನನ್ನು ನೋಡಿ ಕಲಿತದ್ದಲ್ಲವೇ, ಅವನೂ ಹಾಗೆಯೇ ಸುತ್ತುತ್ತಿದ್ದ. ಹಾಗೆ ಸುತ್ತುವವರನ್ನು ನಮ್ಮ ಮನೆಯ ಹೊರಗೆ ನಾನು ಎಲ್ಲಿಯೂ ಕಂಡಿರಲಿಲ್ಲ.

"ಸಮುದ್ರ ಹೆಂಗ ಐತೋ?" ಎಂದು ಕೇಳಿದೆ.

"ಹೆಂಗ ಹೇಳ್ಲಿ ಅಕ್ಕಾ. ಅದಕ ಆಚಿ ದಂಡಿನೇ ಇಲ್ಲ."

ಅವ್ವ ಒಲೆಯ ಮುಂದಿನಿಂದಲೇ, "ಆಚಿ ದಂಡಿ ಇಲ್ಲದ ನೀರು ಎಂಥಾ ನೀರೋ. ಇನ್ನ ಸಾಕು, ಬಂದುಬಿಡು," ಎಂದಳು. ಮಳೆಗಾಲ ಮುಗಿಸಿ ಬರುತ್ತೇನೆಂದು ಹೇಳಿ ಹೋದ.

ಮಳೆಗಾಲ ಮುಗಿಯುವ ಹೊತ್ತಿಗೆ ಸಮುದ್ರವೇ ಅವನಿದ್ದ ಊರಿನೊಳಗೆ ಬಂತು.

ಸುದ್ದಿ ಮೊದಲು ಅಡತಿ ಅಂಗಡಿಗೆ ಮುಟ್ಟಿತು. ರಾಯಚೂರಿನಿಂದ ಬಂದ ವ್ಯಾಪಾರಿಗಳು ಹೇಳಿದರಂತೆ: ಬಿರುಗಾಳಿ ಎದ್ದು ಕಡಲು ಗೋಡೆಯ ಹಾಗೆ ನಿಂತು ಬಂತು, ಊರಿಗೆ ಊರೇ ಹೋದವು. ನನ್ನ ಗಂಡ ಅಂದೇ ಹೊರಟರು. ಗುಂತಕಲ್ಲಿನ ಆಚೆ ರೈಲು ಸ್ವಲ್ಪ ದೂರ ಹೋಗಿ ನಿಂತುಬಿಟ್ಟಿತ್ತು. ಮುಂದೆ ಹಳಿಗಳೇ ಕಿತ್ತುಹೋಗಿದ್ದವು. ಸ್ಟೇಷನ್ನಿನಲ್ಲಿ ಕಾದು ಕಾದು, ಬರುವವರನ್ನೆಲ್ಲ ಕೇಳಿ, ಏನೂ ತಿಳಿಯದೆ ತಿರುಗಿ ಬಂದರು. ಫಿಟ್ಟರನ ಕಡೆಯಿಂದಲೂ ಸುದ್ದಿ ಇಲ್ಲ. ತಮ್ಮನ ಕಡೆಯಿಂದಲೂ ಇಲ್ಲ.

ಆ ದಿನಗಳು ಹೇಗೆ ಕಳೆದವೋ. ಮಸ್ಕಿಯಲ್ಲಿ ಅವ್ವ ಬಾಗಿಲಿಗೆ ಅಗುಳಿ ಹಾಕುವುದನ್ನು ಬಿಟ್ಟಳು. ಹಗಲು ಬಂದಾನು, ಇರುಳು ಬಂದಾನು ಎಂದು. ನಾನು ನೀರು ಸೇದಲು ಬಾವಿಗೆ ಹೋದರೆ ಹಗ್ಗ ಹಿಡಿದುಕೊಂಡು ಹಾಗೆಯೇ ನಿಂತುಬಿಡುತ್ತಿದ್ದೆ. ಹಿಂದಿನವರು ಕೂಗಿ ಎಚ್ಚರಿಸಬೇಕಾಗುತ್ತಿತ್ತು. ಎರಡು ವರ್ಷದ ಮಗಳು ಮಡಿಲಲ್ಲಿ ಕೂತು ರೊಟ್ಟಿ ಕೇಳಿದರೆ ನೀರಿನ ತಂಬಿಗೆ ಕೊಡುತ್ತಿದ್ದೆ.

ಸಂಕ್ರಾಂತಿಯ ಮುಂದೆ ಸಿಂಧನೂರಿಗೆ ಟೂರಿಂಗ್ ಟಾಕೀಸು ಬಂತು. ಸಂತೆ ಬಯಲಿನಲ್ಲಿ ಡೇರೆ ಹೊಡೆದರು. ಸಂಜೆಯಾದರೆ ಇಂಜಿನ್ ಸದ್ದು, ಕಹಳೆಯಂಥ ಲೌಡ್‌ಸ್ಪೀಕರಿನಲ್ಲಿ ಹಾಡು. ಅದೆಲ್ಲ ನನಗೆ ಬೇಕಿರಲಿಲ್ಲ. ಮೊದಲ ದಿನ ನೋಡಿ ಬಂದ ನೆರೆಮನೆಯ ಹೆಂಗಸು ಬೆಳಗಾಗುತ್ತಲೇ ನಮ್ಮ ಕಟ್ಟೆಗೆ ಬಂದು ಕೂತಳು.

"ಯವ್ವಾ, ನಿನಗ ಹೇಳಬೇಕೋ ಬ್ಯಾಡೋ ತಿಳಿವಲ್ದು. ಸಿನಿಮಾಕಿಂತ ಮದ್ಲ ಸರಕಾರದ್ದು ಸಮಾಚಾರ ತೋರಸ್ತಾರ. ಅದರಾಗ ಸಮುದ್ರ ಬಂದು ಹಾಳಾದ ಊರು ತೋರಸಾಕತ್ತಾರ."

ನಾನು ಕೈಯಲ್ಲಿದ್ದ ಹಿಟ್ಟನ್ನು ಹಾಗೆಯೇ ಬಿಟ್ಟು ಎದ್ದೆ. ಸಂಜೆಯ ತನಕ ಹೊತ್ತು ಹೋಗಲಿಲ್ಲ.

ಡೇರೆಯೊಳಗೆ ಗಂಡಸರಿಗೂ ಹೆಂಗಸರಿಗೂ ನಡುವೆ ಬಟ್ಟೆ ಕಟ್ಟಿದ್ದರು. ನನ್ನ ಗಂಡ ಆಚೆ, ನಾನು ಈಚೆ, ಉಸುಕಿನ ಮೇಲೆ. ಪರದೆಯ ಮೇಲೆ ಮೊದಲು ಯಾರೋ ಮಂತ್ರಿಗಳು ಹಾರ ಹಾಕಿಸಿಕೊಂಡರು. ಆಮೇಲೆ ವಾದ್ಯದ ಧ್ವನಿ ಬದಲಾಯಿತು, ಹಿಂದಿಯಲ್ಲಿ ಒಬ್ಬ ಗಂಭೀರವಾಗಿ ಹೇಳತೊಡಗಿದ, ಮತ್ತು ನೀರು ಬಂತು.

ನೀರು ಎಂದರೆ ನಾನು ಅಂದುಕೊಂಡ ಹಾಗೆ ಅಲೆಯಲ್ಲ. ಬಂದದ್ದು ಮುಗಿದುಹೋಗಿ ನಿಂತ ನೀರು. ಅದರಲ್ಲಿ ಮನೆಗಳ ಮಾಡುಗಳು ತೇಲುತ್ತಿದ್ದವು. ತಾಳೆಮರಗಳು ಒಂದೇ ದಿಕ್ಕಿಗೆ ತಲೆಬಾಗಿ ಮುರಿದುಬಿದ್ದಿದ್ದವು. ಓಣಿಯ ನಡುವೆ ಒಂದು ದೊಡ್ಡ ದೋಣಿ, ಯಾರದೋ ಮನೆಯ ಬಾಗಿಲಿಗೆ ಮೂಗು ಚುಚ್ಚಿ ನಿಂತಿತ್ತು. ಹೊಟ್ಟೆಯುಬ್ಬಿದ ಎಮ್ಮೆಗಳು. ಒಂದು ದಿಬ್ಬದ ಮೇಲೆ ಜನ, ನೂರಾರು ಜನ, ಮಾತಿಲ್ಲದೆ ಕೂತಿದ್ದರು. ಒಬ್ಬ ಹೆಂಗಸು ಖಾಲಿ ತೊಟ್ಟಿಲು ಹಿಡಿದುಕೊಂಡಿದ್ದಳು. ನನ್ನ ಸುತ್ತ ಕೂತವರು "ಶಿವಾ ಶಿವಾ" ಎನ್ನುತ್ತಿದ್ದರು. ಆಗ ಕೆಸರಿನೊಳಗಿಂದ ಒಬ್ಬ ಗಂಡಸು ಮುದುಕಿಯೊಬ್ಬಳನ್ನು ಬೆನ್ನ ಮೇಲೆ ಹೊತ್ತು ನಮ್ಮ ಕಡೆಗೇ ನಡೆದು ಬಂದ. ಮುಖದ ತುಂಬ ಕೆಸರು. ತಲೆಗೆ ರುಮಾಲು. ಅದರ ಕೊನೆಯ ಸುತ್ತು ಎಡಗಿವಿಯ ಮೇಲೆ ಇಳಿದಿತ್ತು.

ಒಂದು ಸಲ ನೇರವಾಗಿ ನೋಡಿದ. ಅಷ್ಟರಲ್ಲಿ ಅವನು ಹೋಗಿ ಬೇರೆ ಚಿತ್ರ ಬಂತು.

ನಾನು ಕಿರುಚಿದೆನಂತೆ. ನನಗೆ ನೆನಪಿಲ್ಲ. ಪರದೆಯ ಕಡೆಗೆ ಓಡಲು ಹೋದ ನನ್ನನ್ನು ಹೆಂಗಸರು ಹಿಡಿದು ಕೂಡಿಸಿದರಂತೆ. ಹೊರಗೆ ಬಂದ ಮೇಲೆ ಗಂಡನ ಕೈ ಹಿಡಿದು, "ಅದಾನ್ರಿ, ಬದುಕ್ಯಾನ್ರಿ, ನೀವೂ ನೋಡಿದ್ರಲ್ಲಾ?" ಎಂದೆ. ಅವರು ಎಮ್ಮೆಗಳನ್ನು ನೋಡಿ ತಲೆ ತಗ್ಗಿಸಿದ್ದರು, ಆ ಮನುಷ್ಯನನ್ನು ಸರಿಯಾಗಿ ಕಂಡಿರಲಿಲ್ಲ. ಮರುದಿನ ಮತ್ತೆ ಹೋದೆವು. ಈ ಸಲ ಅವರು ಕಣ್ಣು ಮಿಟುಕಿಸದೆ ನೋಡಿದರು.

"ರುಮಾಲು ಅಂವಂದ ಹಂಗನ ಐತಿ. ಮಾರಿ ಹೇಳಾಕ ಬರೂದಿಲ್ಲ," ಎಂದರು. "ನಿಮ್ಮವ್ವ ನೋಡ್ಲಿ."

ಬಸ್ಸು ಹತ್ತಿ ಮಸ್ಕಿಗೆ ಹೋದೆವು. ಹೇಳಿದರೆ ಅವ್ವ ಎದ್ದು ಓಡಿಬರುತ್ತಾಳೆಂದು ನಾನು ತಿಳಿದಿದ್ದೆ. ಅವಳು ಬರಲು ಒಪ್ಪಲಿಲ್ಲ. ಹುಟ್ಟಿದಾಗಿನಿಂದ ಸಿನಿಮಾ ನೋಡಿದವಳಲ್ಲ. "ಪರದಿ ಅರಿವ್ಯಾಗ ನನ್ ಮಗನ್ನ ನೋಡಬೇಕೇನು? ಅಂವ ಇದ್ರ ನಡಕೋತ ಬರ್ತಾನ," ಎಂದು ಗೋಡೆಗೆ ಒರಗಿ ಕೂತುಬಿಟ್ಟಳು. ನಾನು ಅತ್ತೆ, ಬೈದೆ, ಕಾಲು ಹಿಡಿದೆ. ಆಮೇಲೆ ಒಂದು ಮುಂಜಾನೆ ತಾನಾಗಿಯೇ ತಲೆ ಬಾಚಿಕೊಂಡು, ಹಣೆಗೆ ಈಬತ್ತಿ ಹಚ್ಚಿಕೊಂಡು, "ನಡಿ," ಎಂದಳು. ಅಷ್ಟು ಹೊತ್ತಿಗೆ ಟಾಕೀಸು ಡೇರೆ ಕಿತ್ತುಕೊಂಡು ಲಿಂಗಸುಗೂರಿಗೆ ಹೋಗಿತ್ತು. ನಾವೂ ಅದೇ ದಾರಿ ಹಿಡಿದೆವು.

ಲಿಂಗಸುಗೂರಿನಲ್ಲಿ ಸಿನಿಮಾ ಯಂತ್ರ ಓಡಿಸುವವರನ್ನು ನನ್ನ ಗಂಡ ಹುಡುಕಿದರು. ರಾಯಚೂರಿನ ಸಾಬರು, ತಲೆ ನರೆತಿತ್ತು. ಡೇರೆಯ ಹಿಂದೆ ಕೂತು ಚಹಾ ಕುಡಿಯುತ್ತಿದ್ದರು. ನಮ್ಮ ಮಾತು ಕೇಳಿ ಬಟ್ಟಲು ಕೆಳಗಿಟ್ಟರು.

"ಆ ಸಮಾಚಾರ ಬದಲ್ ಆತಲ್ರಿ. ಹೊಸಾ ರೀಲು ಬಂದೈತಿ. ಹಳೇದು ಡಬ್ಬಿಗೆ ಹಾಕೀನಿ, ನಾಳಿ ಮೋಟರಿಗೆ ವಾಪಸ್ ಹೋಗತೈತಿ."

"ಅಣ್ಣಾ, ಇಕಿ ಅವನ ತಾಯಿ," ಎಂದು ಅವ್ವನನ್ನು ಮುಂದೆ ತಂದೆ. "ಒಂದ ಸರ್ತಿ ತೋರಸ್ರಿ. ನಿಮ್ಮ ಪಾದಕ ಬೀಳ್ತೀನಿ."

ಅವರು ಅವ್ವನನ್ನೇ ನೋಡಿದರು. "ಮಾಲೀಕರಿಗೆ ಗೊತ್ತಾದ್ರ ನನ್ನ ನೌಕರಿಗೆ ಬರತೈತಿ. ಹೋಗ್ಲಿ. ಜನಾ ಬರೂಕಿಂತ ಮದ್ಲ ಓಡಸ್ತೀನಿ, ಒಳಗ ಕುಂಡ್ರು ಅಮ್ಮಾ."

"ಆ ಮಾರಿ ಬಂದಾಗ ಸ್ವಲ್ಪ ನಿಲ್ಲಸ್ರಿ," ಎಂದೆ.

"ನಿಲ್ಲಸಾಕ ಬರೂದಿಲ್ಲ ಬಾಯೀ. ದೀಪದ ಕಾವಿಗೆ ರೀಲು ಸುಟ್ಟ ಹೋಗತೈತಿ. ಬೇಕಾದ್ರ ಎರಡು ಸರ್ತಿ ಓಡಸ್ತೀನಿ."

ಹೊರಗೆ ಇನ್ನೂ ಬಿಸಿಲಿತ್ತು. ಡೇರೆಯ ತೂತುಗಳಿಂದ ಬೆಳಕು ಬಿದ್ದು ಚಿತ್ರ ಮಂಕಾಗಿತ್ತು. ಸದ್ದು ಹಾಕಿದರೆ ಊರಿಗೆ ಕೇಳುತ್ತದೆಂದು ಅವರು ಸದ್ದಿಲ್ಲದೆ ಓಡಿಸಿದರು. ಖಾಲಿ ಡೇರೆಯಲ್ಲಿ ನಾವು ಮೂವರೇ. ಯಂತ್ರದ ಕಟಕಟ ಬಿಟ್ಟರೆ ಬೇರೆ ಶಬ್ದವಿಲ್ಲ. ನೀರು, ಮಾಡು, ತಾಳೆಮರ, ದೋಣಿ, ಎಮ್ಮೆ ಎಲ್ಲ ಬಂದು ಹೋದವು. ಆ ಮನುಷ್ಯ ಬಂದ, ನೋಡಿದ, ಹೋದ. ಅವ್ವ ಎರಡನೆಯ ಸಲ ಶುರುವಾದಾಗ ಎದ್ದು ಪರದೆಯ ಹತ್ತಿರ ಹೋಗಿ ನಿಂತಳು. ಆ ಕೆಸರು ನೀರೆಲ್ಲ ಅವಳ ಸೀರೆಯ ಮೇಲೆ, ಬೆನ್ನ ಮೇಲೆ ಹರಿಯುತ್ತಿತ್ತು. ಅವನು ಬಂದಾಗ ಕೈಯೆತ್ತಿ ಪರದೆಯ ಬಟ್ಟೆ ಮುಟ್ಟಿದಳು.

ತಿರುಗಿ ಬಂದು, "ಅಂವ ಅಲ್ಲ," ಎಂದಳು.

"ಯವ್ವಾ, ಸರಿಯಾಗಿ ನೋಡಿದ್ಯೇನು? ಮಾರೀ ತುಂಬ ರಾಡಿ ಐತಿ. ಸೊರಗ್ಯಾನ ಅಷ್ಟ—"

"ನಾ ಹಡದಾಕಿ. ಅಂವ ಅಲ್ಲ." ಅವಳ ದನಿ ಏರಲಿಲ್ಲ, ಇಳಿಯಲಿಲ್ಲ. "ಆದರ ಆ ರುಮಾಲು ನನ್ ಮಗಂದು. ಅಂವನ ಕೈಲೆ ಸುತ್ತಿದ್ದು."

ನನಗೆ ಅವಳ ಮೇಲೆ ಎಂಥ ಸಿಟ್ಟು ಬಂತೆಂದರೆ, ಬಸ್ಸಿನಲ್ಲಿ ಮಸ್ಕಿ ಬರುವ ತನಕ ಅವಳ ಪಕ್ಕದಲ್ಲಿ ಕೂರಲಿಲ್ಲ. ಒಬ್ಬನೇ ತಮ್ಮ. ನಾನು ಕಣ್ಣಾರೆ ಕಂಡಿದ್ದೇನೆ. ಇವಳು ಅಲ್ಲ ಎಂದರೆ ಹೇಗೆ? ಇಳಿಯುವಾಗ ಅವ್ವ ನನ್ನ ಗಂಡನಿಗೆ, "ನೀವು ಹೋಗಿ ಬರ್ರಿ. ಅದು ಅವನ ತಲಿಗೆ ಹೆಂಗ ಬಂತು ಕೇಳ್ರಿ," ಎಂದಷ್ಟೇ ಹೇಳಿದಳು.

ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ನಾನೂ ಹೊರಟೆ. ರೈಲು ಈಗ ಬೆಜವಾಡದ ತನಕ ಓಡುತ್ತಿತ್ತು. ಅಲ್ಲಿಂದ ಮುಂದೆ ಲಾರಿ, ಆಮೇಲೆ ಎತ್ತಿನ ಗಾಡಿ, ಕೊನೆಗೆ ಕಾಲ್ನಡಿಗೆ. ತಿಂಗಳುಗಳು ಕಳೆದಿದ್ದರೂ ಆ ನೆಲ ಒಣಗಿರಲಿಲ್ಲ. ಮೇಲೆ ಉಪ್ಪಿನ ಬಿಳಿ ಪದರು, ಕಾಲಿಟ್ಟರೆ ಕೆಳಗೆ ಕರಿ ರಾಡಿ. ಪರದೆಯ ಮೇಲೆ ವಾಸನೆ ಇರಲಿಲ್ಲ. ಇಲ್ಲಿ ಮೂಗು ಮುಚ್ಚಿಕೊಂಡೇ ನಡೆದೆವು. ಗಂಜಿ ಕೊಡುವ ಚಪ್ಪರದಲ್ಲಿ ನನ್ನ ಗಂಡ ಅಂಗಡಿಯಲ್ಲಿ ಕಲಿತ ತೆಲುಗಿನಲ್ಲಿ ಕೇಳಿದರು. ಚಿತ್ರ ತೆಗೆಯುವವರು ಬಂದದ್ದು ಕೆಲವರಿಗೆ ನೆನಪಿತ್ತು. ಮುದುಕಿಯನ್ನು ಹೊತ್ತವನೆಂದರೆ ಯಾರಿಗೂ ತಿಳಿಯಲಿಲ್ಲ. ಹೊತ್ತವರು ಎಷ್ಟೋ ಮಂದಿ, ಯಾರನ್ನೆಂದು ಹೇಳುವುದು ಎಂದರು. ಫಿಟ್ಟರನ ಓಣಿ ಎಲ್ಲಿ ಎಂದು ಕೇಳಿದ್ದಕ್ಕೆ ಒಬ್ಬ ಮುದುಕ ಸಮುದ್ರದ ಕಡೆ ಕೈ ತೋರಿಸಿದ. ಅಲ್ಲಿ ನೀರಿತ್ತು, ಬಿಸಿಲಿತ್ತು, ಓಣಿ ಇರಲಿಲ್ಲ.

ಅಂದು ನಾನು ಮೊದಲ ಸಲ ಸಮುದ್ರ ನೋಡಿದೆ. ಮಗು ಮಲಗಿದ ಹಾಗೆ ಉಸಿರಾಡುತ್ತಿತ್ತು. ಅದನ್ನು ಕಂಡು ನನ್ನ ಮೈಯೆಲ್ಲ ಉರಿಯಿತು.

ಗಿರಣಿಯ ಗೋಡೆಗಳು ಮಾತ್ರ ನಿಂತಿದ್ದವು. ಅದರ ಕಟ್ಟೆಯ ಮೇಲೆ ಒಬ್ಬ ಗಂಡಸು ನಮಗೆ ಬೆನ್ನು ಮಾಡಿ ಕೊಳೆತ ಬತ್ತವನ್ನು ಕೈಯಿಂದ ಹರವುತ್ತಿದ್ದ. ಪಕ್ಕದಲ್ಲಿ ಗೋಣಿಚೀಲದ ಮೇಲೆ ಒಂದು ಸಣ್ಣ ಹುಡುಗಿ ಕೂತಿತ್ತು. ಅವನ ರುಮಾಲು ಎಡಗಿವಿಯ ಮೇಲೆ ಇಳಿದಿತ್ತು.

"ತಮ್ಮಾ!" ಎಂದು ಓಡಿದೆ.

ಅವನು ತಿರುಗಿದ. ಅವ್ವ ಹೇಳಿದ್ದೇ ನಿಜ. ಮೂವತ್ತರ ಆಸುಪಾಸಿನ, ಬಾಯಿಯ ಸುತ್ತ ಸಿಡುಬಿನ ಕಲೆಗಳಿದ್ದ ಬೇರೆ ಯಾರೋ. ಅವನು ನನ್ನನ್ನು, ನನ್ನ ಸೀರೆ ಉಟ್ಟ ರೀತಿಯನ್ನು ನೋಡುತ್ತ ನಿಂತ. ಆಮೇಲೆ ನಮ್ಮ ಮಾತಿನಲ್ಲಿಯೇ, ತಡವರಿಸಿ ಕೇಳಿದ:

"ಮಸ್ಕಿ... ಅಕ್ಕಾನಾ?"

ಅಲ್ಲಿಯ ತನಕ ಸಾವಿನ ಮಾತನ್ನು ಯಾರೂ ಆಡಿರಲಿಲ್ಲ. ಅವನೂ ಆಡಲಿಲ್ಲ. ಆದರೆ ಆ ಎರಡು ಮಾತಿನಲ್ಲಿ ನನಗೆ ತಿಳಿಯಿತು.

ಅವನು ಗಿರಣಿಯ ಹಮಾಲ. ನನ್ನ ತಮ್ಮನ ಜೊತೆ ಒಂದೇ ಕೋಣೆಯಲ್ಲಿದ್ದವನು. ಅವನು ತೆಲುಗಿನಲ್ಲಿ ಹೇಳಿದ್ದನ್ನು ನನ್ನ ಗಂಡ ನಿಂತು ನಿಂತು ನನಗೆ ಹೇಳಿದರು. ಗಾಳಿ ಎದ್ದಾಗ ಇವರಿಬ್ಬರೂ ಗಿರಣಿಯ ಅಟ್ಟ ಹತ್ತಿದ್ದರು. ಮಾಡಿನ ತಗಡೊಂದು ಹಾರಿ ಬಂದು ಇವನ ಎಡಗಿವಿಯನ್ನು ಕೊಯ್ದುಬಿಟ್ಟಿತು. ರಕ್ತ ನಿಲ್ಲಲಿಲ್ಲ. ತಮ್ಮ ತನ್ನ ರುಮಾಲು ಬಿಚ್ಚಿ ಇವನ ತಲೆಗೆ ಬಿಗಿಯಾಗಿ ಸುತ್ತಿ, ಕೊನೆಯ ಸುತ್ತನ್ನು ಗಾಯದ ಮೇಲೆ ಇಳಿಸಿ ಸಿಕ್ಕಿಸಿದ. ಅಷ್ಟರಲ್ಲಿ ಕೆಳಗೆ ಕಾವಲುಗಾರನ ಹೆಂಡತಿ ಎದೆಮಟ್ಟದ ನೀರಿನಲ್ಲಿ ಎರಡು ಮಕ್ಕಳನ್ನು ಎತ್ತಿ ಹಿಡಿದು ಕೂಗುತ್ತಿದ್ದಳು. ತಮ್ಮ ಇಳಿದು ಒಂದನ್ನು ಮೇಲಕ್ಕೆ ಕೊಟ್ಟ. ಇನ್ನೊಂದಕ್ಕೆ ಇಳಿದಾಗ ಎರಡನೆಯ ಸಲ ನೀರು ಉಕ್ಕಿ ಬಂತು. ಬೆಳಗಾದ ಮೇಲೆ ಕೆಳಗೆ ಯಾರೂ ಇರಲಿಲ್ಲ.

ಗೋಣಿಚೀಲದ ಮೇಲೆ ಕೂತಿದ್ದ ಹುಡುಗಿಯೇ ಆ ಮೊದಲನೆಯ ಮಗು. ಅದು ಆ ದಿನದಿಂದ ಮಾತಾಡಿರಲಿಲ್ಲ. ಹತ್ತಿರದ ಹಳ್ಳಿಯಲ್ಲಿದ್ದ ಇವನ ಹೆಂಡತಿ ಮಕ್ಕಳೂ ನೀರಿನಲ್ಲಿ ಹೋಗಿದ್ದರು. ಹಾಗಾಗಿ ಅದು ಇವನ ಹತ್ತಿರ ಇತ್ತು.

ಹೊರಡುವಾಗ ಅವನು ರುಮಾಲು ಬಿಚ್ಚಿದ. ಕಿವಿಯ ಜಾಗದಲ್ಲಿ ಇನ್ನೂ ಕೆಂಪಗೆ ಒಸರುವ ಗಾಯವಿತ್ತು. ಬೇಡವೆಂದು ನಾವಿಬ್ಬರೂ ಹೇಳಿದೆವು. ಅವನು ಅದನ್ನು ಮಡಿಸಿ ನನ್ನ ಕೈಯಲ್ಲಿಟ್ಟು, "ಅಮ್ಮಕಿ," ಅಮ್ಮನಿಗೆ, ಎಂದು, ಮತ್ತೆ ಬತ್ತ ಹರವಲು ಕೂತ.

ಮಸ್ಕಿಯಲ್ಲಿ ಅವ್ವ ಬಾಗಿಲಲ್ಲಿಯೇ ನಿಂತಿದ್ದಳು. ಎಲ್ಲವನ್ನೂ ಕೇಳಿದಳು. ಅಳಲಿಲ್ಲ. ರುಮಾಲನ್ನು ಮೂಗಿಗೆ ಹಿಡಿದು ನೋಡಿದಳು. ಉಪ್ಪಿನ ವಾಸನೆ ಬಿಟ್ಟರೆ ಅದರಲ್ಲಿ ಏನೂ ಉಳಿದಿರಲಿಲ್ಲ.

"ಆ ಹುಡುಗಿ ಉಂಡಿತ್ತೇನು?" ಎಂದು ಕೇಳಿದಳು.

"ಗಂಜಿ ಕೊಡ್ತಾರವ್ವಾ."

"ಆ ಮನಷಾಗ ಇನ್ನ ಗಾಯ ಮಾದಿಲ್ಲ ಅಂದ್ರಿ. ಅಂವ ಕೊಟ್ರ ನೀವು ತಗೊಂಡು ಬರೂದೇನು? ನನ್ ಮಗ ಕಟ್ಟಿದ್ದನ್ನ ಬಿಚ್ಚಿಸಿಕೊಂಡು ಬಂದ್ರಲ್ಲೇ!" ಆಗ ಅಷ್ಟು ದಿನ ಅವಳು ತಡೆದ ಅಳುವೆಲ್ಲ ಬಂತು. ಓಣಿಯ ಹೆಂಗಸರೆಲ್ಲ ಕೂಡಿದರು.

ಮಠದ ಅಯ್ಯನವರು ಬಂದು, ದೇಹವಿಲ್ಲದೆ ಮಣ್ಣು ಮಾಡುವುದು ಹೇಗೆ, ಆ ರುಮಾಲನ್ನಾದರೂ ಅಪ್ಪನ ಸಮಾಧಿಯ ಪಕ್ಕದಲ್ಲಿ ಇಡೋಣ ಎಂದರು. ಅವ್ವ ಒಪ್ಪಲಿಲ್ಲ. ಅದನ್ನು ಒಗೆದು, ಬಿಸಿಲಿಗೆ ಒಣಗಿಸಿ, ನನ್ನ ಗಂಡನ ಕೈಗೆ ಕೊಟ್ಟು, ಆ ಹಮಾಲನಿಗೇ ಕಳಿಸಿರಿ ಎಂದಳು. ಅವರು ಸಿಂಧನೂರಿನ ಟಪಾಲು ಕಚೇರಿಯಿಂದ ಪಾರ್ಸಲ್ ಮಾಡಿದರು. ಗಿರಣಿಯ ಹೆಸರು ಬರೆದಿದ್ದರು. ಮುಟ್ಟಿತೋ ಇಲ್ಲವೋ ಗೊತ್ತಾಗಲಿಲ್ಲ. ಆ ಕಡೆಯಿಂದ ಮುಂದೆ ಯಾವ ಸುದ್ದಿಯೂ ಬರಲಿಲ್ಲ.

ಅವ್ವನನ್ನು ಒಬ್ಬಳೇ ಬಿಡಲಾಗದೆ ಸಿಂಧನೂರಿಗೆ ಕರೆತಂದೆವು. ಅವಳು ನಮ್ಮ ಜೊತೆ ಹಲವು ವರ್ಷ ಇದ್ದಳು. ಮೊಮ್ಮಗಳ ತಲೆ ಬಾಚುತ್ತಿದ್ದಳು, ರೊಟ್ಟಿ ಬಡಿಯುತ್ತಿದ್ದಳು, ತಮ್ಮನ ಮಾತು ತೆಗೆಯುತ್ತಿರಲಿಲ್ಲ. ನಾನೂ ತೆಗೆಯುತ್ತಿರಲಿಲ್ಲ. ಊರಿನ ಹತ್ತಿರ ತೋಡಿದ ಹೊಸ ಕಾಲುವೆಗೆ ಮೊದಲ ಸಲ ನೀರು ಬಿಟ್ಟ ದಿನ ಊರಿನ ಜನವೆಲ್ಲ ನೋಡಲು ಹೋದರು. ನನ್ನ ಗಂಡನೂ ಮಗಳೂ ಹೋದರು. ನಾವಿಬ್ಬರೇ ಉಳಿದೆವು. ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದೆವು. ಓಣಿ ಪೂರಾ ಖಾಲಿಯಾಗಿತ್ತು.

ಮೊರ ಕೇರುತ್ತಲೇ ಅವ್ವ ಕೇಳಿದಳು: "ಅಂವ ನೀರಾಗ ಹೋಗ್ವಾಗ ಕೂಗಿದ್ನಂತೇನು?"

"ಆ ಗಾಳಿಯೊಳಗ ಏನೂ ಕೇಳಿಸ್ಲಿಲ್ಲಂತ ಬೇ. ಹಮಾಲ ಹಂಗ ಹೇಳಿದ," ಎಂದೆ.

ಅವಳು ಮೊರದಲ್ಲಿದ್ದ ಹರಳನ್ನು ಆಯ್ದು ಅಂಗಳಕ್ಕೆ ಎಸೆದಳು.

"ಹಂಗಾದ್ರ ಕೂಗಿರಬೇಕು," ಎಂದಳು.